ಯಾದಗಿರಿಯ ಬಡತನ: ಹಣ ತಾಲ್ಲೂಕಿಗೋ, ಮನೆಗೋ?

ರಾಜ್ಯದ ಜಿಲ್ಲೆಗಳ ಯಾವ ಪಟ್ಟಿ ಬಂದರೂ ಯಾದಗಿರಿಯ ಹೆಸರನ್ನು ಕೆಳಗಿನಿಂದ ಹುಡುಕುವುದು ರೂಢಿಯಾಗಿಬಿಟ್ಟಿದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿತ್ತು, ಯಾದಗಿರಿಯದು ಶೇ 52ನ್ನೂ ಮುಟ್ಟಿರಲಿಲ್ಲ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಬಹುಆಯಾಮದ ಬಡತನ ಸೂಚ್ಯಂಕದ ಪ್ರಕಾರ ಜಿಲ್ಲೆಯ ನೂರು ಜನರಲ್ಲಿ ಸುಮಾರು 42 ಮಂದಿ ಬಡವರು. ರಾಜ್ಯದ ಸರಾಸರಿ 13. ಎರಡು ವರ್ಷಗಳ ನಂತರ ಬಂದ ಎರಡನೇ ವರದಿಯಲ್ಲಿ ಜಿಲ್ಲೆಯ ಪ್ರಮಾಣ 25ರ ಆಸುಪಾಸಿಗೆ ಇಳಿದಿತ್ತು, ರಾಜ್ಯದ್ದು ಏಳೂವರೆಗೆ. ಇಳಿಕೆ ದೊಡ್ಡದೇ. ಆದರೆ ರಾಜ್ಯದ ಸರಾಸರಿಯ ಮೂರು ಪಟ್ಟು ಎಂಬ ಲೆಕ್ಕ ಮಾತ್ರ ಕದಲಲಿಲ್ಲ.

ನಂಜುಂಡಪ್ಪ ವರದಿ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಮಹತ್ವಾಕಾಂಕ್ಷೆಯ ಜಿಲ್ಲೆಗಳ ಯೋಜನೆ: ಈ ಜಿಲ್ಲೆಗೆಂದು ಕಳೆದ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಬಂದ ದೊಡ್ಡ ಪರಿಹಾರಗಳೆಲ್ಲ ಪ್ರದೇಶವನ್ನೇ ಅಳತೆಗೋಲು ಮಾಡಿಕೊಂಡವು. ಬಡತನ ಕಳೆಯುವ ವಿಶೇಷ ಹಣ ಹೀಗೆ ಪ್ರದೇಶದ ಹೆಸರಿನಲ್ಲೇ ಹೋಗುತ್ತಿರಬೇಕೇ?

ಪರ: ಇಲ್ಲದ ಆಸ್ಪತ್ರೆಯನ್ನು ದುಡ್ಡು ಕೊಟ್ಟು ತರಲಾಗದು

ನೀತಿ ಆಯೋಗ ಬಡತನ ಅಳೆಯಲು ಬಳಸಿದ 12 ಸೂಚಕಗಳನ್ನು ಒಮ್ಮೆ ಓದಿ ನೋಡಿ. ಪೌಷ್ಟಿಕತೆ, ಮಕ್ಕಳ ಸಾವು, ತಾಯಂದಿರ ಆರೈಕೆ, ಓದಿದ ವರ್ಷಗಳು, ಶಾಲಾ ಹಾಜರಾತಿ, ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ವಿದ್ಯುತ್, ಮನೆ, ಆಸ್ತಿ, ಬ್ಯಾಂಕ್ ಖಾತೆ. ಇವುಗಳಲ್ಲಿ ಒಂದು ಮನೆ ತಾನೇ ದುಡಿದು, ತಾನೇ ಗಳಿಸಿ ತಂದುಕೊಳ್ಳಬಹುದಾದವು ಎಷ್ಟು? ಹೆರಿಗೆ ಮಾಡಿಸುವ ವೈದ್ಯೆ, ನೀರಿನ ಕೊಳವೆ, ಪಾಠ ಮಾಡುವ ಮೇಷ್ಟ್ರು, ವಿದ್ಯುತ್ ತಂತಿ, ಬ್ಯಾಂಕಿನ ಶಾಖೆ ಇವೆಲ್ಲ ಊರಿಗೆ ಬರಬೇಕಾದವು. ಊರಿಗೆ ಬಂದರೆ ಮನೆಗೆ ಬರುತ್ತವೆ. ಊರಿಗೇ ಬರದಿದ್ದರೆ ಶ್ರೀಮಂತನ ಮನೆಗೂ ಬರುವುದಿಲ್ಲ. ಯಾದಗಿರಿಯಲ್ಲಿ ಎದೆನೋವು ಬಂದ ಸಾಹುಕಾರನೂ ಕಲಬುರಗಿಗೋ ರಾಯಚೂರಿಗೋ ಕಾರು ಓಡಿಸಬೇಕಾಗಿತ್ತು, ಅವನ ಆಳಿಗೂ ಅದೇ ದಾರಿ. ಗುರುಮಠಕಲ್ ಕಡೆಯವರಂತೂ ತೆಲಂಗಾಣದ ನಾರಾಯಣಪೇಟೆ, ಮೆಹಬೂಬ್‌ನಗರದ ಕಡೆಗೆ ಮುಖ ಮಾಡಿದವರು. ಜಿಲ್ಲೆಗೊಂದು ವೈದ್ಯಕೀಯ ಕಾಲೇಜು ಬಂದದ್ದು ಮೊನ್ನೆ ಮೊನ್ನೆ, 2022ರ ನಂತರ.

ಈ ಕೊರತೆ ಯಾರೋ ಒಬ್ಬರ ಸೋಮಾರಿತನದಿಂದ ಹುಟ್ಟಿದ್ದಲ್ಲ. ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರೆದುರು ಸೋತ ಮೇಲೆ ಆ ಸೀಮೆ ನಿಜಾಮರ ಪಾಲಾಯಿತು. ಅತ್ತ ಮೈಸೂರಿನಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ ಹರಿಯಿತು, 1916ರಲ್ಲಿ ವಿಶ್ವವಿದ್ಯಾಲಯ ತೆರೆಯಿತು. ಇತ್ತ ಹೈದರಾಬಾದಿನಲ್ಲಿ 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮ ಉರ್ದು. ಮನೆಯಲ್ಲಿ ಕನ್ನಡ ಆಡುವ ಮಗು ಸರ್ಕಾರಿ ನೌಕರಿಯ ಕನಸು ಕಾಣಬೇಕಾದರೆ ಮೊದಲು ಇನ್ನೊಂದು ಲಿಪಿ ಕಲಿಯಬೇಕಿತ್ತು. ಆ ಆಡಳಿತ ಮುಗಿದದ್ದು 1948ರ ಸೆಪ್ಟೆಂಬರ್‌ನಲ್ಲಿ, ಕನ್ನಡ ನಾಡಿನೊಂದಿಗೆ ಸೇರಿದ್ದು 1956ರಲ್ಲಿ. ಅಂದರೆ ಎರಡು ಮೂರು ತಲೆಮಾರಿನ ಶಾಲೆ, ರಸ್ತೆ, ಕಾಲುವೆಗಳ ಬಾಕಿ ಈ ನೆಲದ ಮೇಲೆ ಇತ್ತು. ಏಟು ಬಿದ್ದದ್ದು ಸೀಮೆಯ ಮೇಲೆ. ಅದರಲ್ಲಿ ಲಿಂಗಾಯತ, ಕಬ್ಬಲಿಗ, ಬೇಡ, ಮಾದಿಗ, ಮುಸ್ಲಿಂ ಎಂಬ ಭೇದ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ತೀರಿಸಬೇಕಾದ ಬಾಕಿ ಸೀಮೆಯದೇ.

ಡಿ.ಎಂ. ನಂಜುಂಡಪ್ಪನವರ ಸಮಿತಿ ಮಾಡಿದ್ದೂ ಇದೇ ಬಾಕಿಯ ಲೆಕ್ಕ. 2002ರಲ್ಲಿ ಬಂದ ಆ ವರದಿ ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆಯಿತು. 114 ತಾಲ್ಲೂಕುಗಳು ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ಅಂದಿನ ಯಾದಗಿರಿ, ಶಹಾಪುರ, ಸುರಪುರ ಮೂರೂ ಈ ಕೊನೆಯ ಸಾಲಿನಲ್ಲಿದ್ದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಿ ಎಂದು ಸಮಿತಿ ಹೇಳಿತು. ಆ ವರದಿಯನ್ನು ಹೊಗಳದ ಪಕ್ಷವಿಲ್ಲ, ಹೇಳಿದಷ್ಟನ್ನು ಹೇಳಿದ ಕಾಲಕ್ಕೆ ಕೊಟ್ಟ ಸರ್ಕಾರವೂ ಇಲ್ಲ. ಆದರೂ ಒಂದು ಲಾಭವಾಯಿತು. 'ನಮ್ಮ ಭಾಗಕ್ಕೆ ಅನ್ಯಾಯವಾಗಿದೆ' ಎಂಬ ಭಾಷಣದ ಸಾಲು ಅಂಕಿಯಾಯಿತು. ಅಂಕಿ ಇದ್ದದ್ದರಿಂದಲೇ 2009ರ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು ಎಂದು ಹೇಳಲಾರೆ. ಆದರೆ 2012ರಲ್ಲಿ ಸಂಸತ್ತು 371(ಜೆ) ಒಪ್ಪುವ ಹೊತ್ತಿಗೆ ದೆಹಲಿಯಲ್ಲಿ ಮುಂದಿಡಲು ಕೈಯಲ್ಲಿ ಒಂದು ಕಾಗದವಿತ್ತು.

371(ಜೆ) ಬಂದ ಮೇಲೆ ಈ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು, ಉಳಿದ ಕರ್ನಾಟಕದಲ್ಲಿ ಶೇ 8 ಸೀಟು ಇಲ್ಲಿಯ ಮಕ್ಕಳಿಗೆ ಮೀಸಲಾದವು. ಇಲ್ಲಿನ ಸರ್ಕಾರಿ ಹುದ್ದೆಗಳಲ್ಲಿ 'ಎ' ಮತ್ತು 'ಬಿ' ಗುಂಪಿಗೆ ಶೇ 75, 'ಸಿ' ಗುಂಪಿಗೆ ಶೇ 80, 'ಡಿ' ಗುಂಪಿಗೆ ಶೇ 85. ಇದು ಮನೆ ಮನೆಗೆ ಹಂಚುವ ಹಣವಲ್ಲ. ಆದರೆ ಹಳ್ಳಿಯ ಶಾಲೆಗೆ ದೂರದ ಜಿಲ್ಲೆಯ ಮೇಷ್ಟ್ರು ನೇಮಕವಾಗಿ, ಮರುವರ್ಷವೇ ವರ್ಗಾವಣೆಗೆ ಅರ್ಜಿ ಹಾಕಿ ಹೊರಡುತ್ತಿದ್ದ ಕಾಲ ನೆನಪಿರುವವರಿಗೆ, ಇಲ್ಲಿಯವರೇ ಇಲ್ಲಿ ಮೇಷ್ಟ್ರಾಗುವುದರ ಬೆಲೆ ಗೊತ್ತು. ಅವರು ಹೋಗಿ ಸೇರುವ ಊರು ಬೇರೆ ಇಲ್ಲ.

ಇನ್ನು ಹಣವನ್ನು ನೇರ ಮನೆಗೆ ಕೊಡಿ ಎನ್ನುವವರ ಮಾತು. ಕೊಡಲಿ. 2023ರಿಂದ ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿ ಬರುತ್ತಿದೆ. ಅದು ಹೊಟ್ಟೆ ತುಂಬಿದವರು ಹಗುರವಾಗಿ ಮಾತನಾಡುವ ವಿಷಯವಲ್ಲ. ಆದರೆ ಆ ಎರಡು ಸಾವಿರಕ್ಕೆ ಗಣಿತ ಪಾಠ ಮಾಡುವವರು ಹಳ್ಳಿಗೆ ಬರುವುದಿಲ್ಲ. ಶಕ್ತಿ ಯೋಜನೆಯ ಉಚಿತ ಟಿಕೆಟ್ ದಿನಕ್ಕೊಂದಾದರೂ ಬಸ್ಸು ಬರುವ ಊರಿನ ಹೆಣ್ಣುಮಗಳ ಕೈಯಲ್ಲಿ ಮಾತ್ರ ಟಿಕೆಟ್. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉಡುಪಿಯಲ್ಲಿ ಶೇ 94 ಮಕ್ಕಳು ಪಾಸಾದರು, ಯಾದಗಿರಿಯಲ್ಲಿ ಶೇ 51ರ ಒಳಗೆ, ರಾಜ್ಯದಲ್ಲೇ ಕೊನೆ. ಉಡುಪಿಯ ಬಡವರ ಮಕ್ಕಳೂ ಪಾಸಾಗುತ್ತಾರೆ, ಯಾದಗಿರಿಯ ಅನುಕೂಲಸ್ಥರ ಮಕ್ಕಳೂ ಊರಲ್ಲೇ ಓದಿದರೆ ತಿಣುಕುತ್ತಾರೆ. ಅದಕ್ಕೇ ಅನುಕೂಲಸ್ಥರು ಮಕ್ಕಳನ್ನು ಕಲಬುರಗಿ, ವಿಜಯಪುರ, ಧಾರವಾಡದ ಹಾಸ್ಟೆಲುಗಳಿಗೆ ಸಾಗಿಸುವುದು.

ಗುಳೆಯ ವಿಷಯ ಬಿಟ್ಟು ಈ ಜಿಲ್ಲೆಯ ಬಗ್ಗೆ ಬರೆಯಲಾಗದು. ರಾತ್ರಿ ಯಾದಗಿರಿ ನಿಲ್ದಾಣದಲ್ಲಿ ಬೆಂಗಳೂರಿಗೆ ಹೊರಡುವ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಕಾಯುವ ಸಂಸಾರಗಳ ಗಂಟು ನೋಡಿದರೆ ಎಷ್ಟು ದಿನದ ಪ್ರಯಾಣ ಎಂಬುದು ತಿಳಿದುಬಿಡುತ್ತದೆ. ಜೋಳದ ಹಿಟ್ಟಿನ ಚೀಲ, ರೊಟ್ಟಿ ಹಂಚು, ಪ್ಲಾಸ್ಟಿಕ್ ಕೊಡ, ಎರಡು ಕೌದಿ, ಖಾರದ ಪುಡಿಯ ಡಬ್ಬಿ. ಜೊತೆಯಲ್ಲಿ ನಾಲ್ಕನೆಯ ಇಲ್ಲವೇ ಐದನೆಯ ತರಗತಿಯಲ್ಲಿ ಇರಬೇಕಾದ ಒಂದು ಮಗು, ಅದರ ಕಂಕುಳಲ್ಲಿ ಇನ್ನೊಂದು ಮಗು. ಹಂಚು ಹೊತ್ತು ಹೊರಟವರು ಹಬ್ಬಕ್ಕೆ ಬಿಟ್ಟರೆ ಬೇಗ ಬರುವವರಲ್ಲ. ಮನುಷ್ಯನ ಮೇಲೆ ಮಾತ್ರ ಹಣ ಹಾಕಿ, ಅವನ ಊರಿನ ಮೇಲೆ ಹಾಕದಿದ್ದರೆ ಅವನನ್ನು ಇನ್ನೂ ಚೆನ್ನಾಗಿ ತಯಾರು ಮಾಡಿ ಬೆಂಗಳೂರಿಗೆ ಕಳಿಸಿದಂತಾಗುತ್ತದೆ, ಅಷ್ಟೇ. ಬೆಂಗಳೂರಿಗೆ ಇದರಿಂದ ಕಷ್ಟವಿಲ್ಲ. ಅಗ್ಗದ ಕೂಲಿ ಸಿಗುತ್ತದೆ.

ನೀರು ಬಂದ ಕಡೆ ಏನಾಯಿತು ಎಂಬುದು ಕಣ್ಣ ಮುಂದಿದೆ. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಹಾಕಿದ ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಗಿಳಿದು ಹುಣಸಗಿ, ಸುರಪುರ, ಶಹಾಪುರದ ಕಡೆ ಹರಿದಿದೆ. ಆ ಭಾಗದಲ್ಲಿ ನಾಟಿಯ ಕಾಲಕ್ಕೆ ಆಳು ಹುಡುಕಬೇಕು. ಭೂಮಿ ಇಲ್ಲದವರಿಗೂ ಊರ ಸಮೀಪವೇ ಕೂಲಿ ಇದೆ. ಕಾಲುವೆ ತಲುಪದ ಮಡ್ಡಿ ಭೂಮಿಯಲ್ಲಿ ತೊಗರಿ ಕಟಾವಾದರೆ ಮುಗಿಯಿತು, ಮುಂದಿನ ಮಳೆಯವರೆಗೆ ಗಂಟು ಕಟ್ಟುವುದೇ. ಒಂದು ಕಾಲುವೆ ಅಷ್ಟು ಮನೆಗಳಿಗೆ ಕೊಟ್ಟ ಕೆಲಸವನ್ನು ಯಾವ ಫಲಾನುಭವಿ ಪಟ್ಟಿ ಕೊಟ್ಟಿದೆ?

ಪಟ್ಟಿಯ ಮಾತು ಬಂತು. ಮನೆ ಗುರುತಿಸುವುದೆಂದರೆ ಪಟ್ಟಿ ಮಾಡುವುದು; ಪಟ್ಟಿ ಮಾಡುವುದೆಂದರೆ ಅರ್ಜಿ, ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಅದನ್ನು ಮಾಡಿಸಿಕೊಡುವ ಒಬ್ಬ ಮಧ್ಯವರ್ತಿ. ಬಿಪಿಎಲ್ ಕಾರ್ಡು ಯಾರ ಯಾರ ಮನೆಯಲ್ಲಿದೆ ಎಂಬುದು ಪ್ರತಿ ಊರಿಗೂ ಗೊತ್ತಿರುವ ಗುಟ್ಟು. ಪರಿಶಿಷ್ಟರಿಗೆಂದು 2013ರಲ್ಲಿ ಕಾನೂನು ಮಾಡಿ ಜನಸಂಖ್ಯೆಗೆ ತಕ್ಕಷ್ಟು ಹಣ ಕಡ್ಡಾಯ ಮಾಡಿದೆವು. ಅದರಲ್ಲೇ 7(ಡಿ) ಎಂಬ ಒಂದು ಕಿಂಡಿ ಇತ್ತು, ಆ ಮೂಲಕ ಹಣ ಸಾಮಾನ್ಯ ಕಾಮಗಾರಿಗಳಿಗೆ ಹರಿಯಿತು. 2023ರಲ್ಲಿ ಕಿಂಡಿ ಮುಚ್ಚಿದ ಮೇಲೆ ಗ್ಯಾರಂಟಿಗಳಿಗೆ ಅದೇ ಹಣ ಹೋಗುತ್ತಿದೆ ಎಂಬ ಗಲಾಟೆ ಶುರುವಾಯಿತು. ಮೇಲಾಗಿ, ಮನೆಯ ಲೆಕ್ಕ ಹಿಡಿದು ಹೊರಟರೆ ಬೇಗನೇ ಜಾತಿಯ ಲೆಕ್ಕಕ್ಕೆ ಬಂದು ನಿಲ್ಲುತ್ತೇವೆ. ಪರಿಶಿಷ್ಟ ಜಾತಿಗಳ ಶೇ 17 ಮೀಸಲಾತಿಯನ್ನು 2025ರಲ್ಲಿ ಮೂರು ಗುಂಪುಗಳಿಗೆ ಆರು, ಆರು, ಐದು ಎಂದು ಹಂಚುತ್ತಲೇ ಅಲೆಮಾರಿ ಸಮುದಾಯಗಳು ಬೀದಿಗೆ ಬಂದವು. ತಮಗೆ ಪ್ರತ್ಯೇಕ ಪಾಲಿಲ್ಲ ಎಂಬ ಅವರ ದೂರು ನ್ಯಾಯವಾದದ್ದೇ. ನಾನು ಹೇಳುವುದು ಇಷ್ಟು: ಒಂದು ಸೇತುವೆಯ ಮೇಲೆ ಅವರೂ ನಡೆಯುತ್ತಾರೆ, ಇವರೂ ನಡೆಯುತ್ತಾರೆ, ಪ್ರಮಾಣಪತ್ರ ಕೇಳುವವರಿಲ್ಲ.

ಕಲ್ಯಾಣ ಕರ್ನಾಟಕ ಮಂಡಳಿಯ ಹಣದಲ್ಲಿ ಕಮಾನು ಕಟ್ಟಿದರು, ಬೇಡದ ಕಡೆ ಸಮುದಾಯ ಭವನ ಕಟ್ಟಿದರು ಎಂಬ ಆರೋಪ ನನಗೂ ಗೊತ್ತಿದೆ. ಕಮಾನು ಕಟ್ಟಿದವರನ್ನು ಹಿಡಿಯಿರಿ. ಸೀಮೆಗೆ ಸಲ್ಲಬೇಕಾದ ಬಾಕಿಯನ್ನು ಅದಕ್ಕಾಗಿ ಮನ್ನಾ ಮಾಡಿಕೊಳ್ಳಬೇಡಿ.

ವಿರೋಧ: ತಾಲ್ಲೂಕಿಗೆ ಹಸಿವಾಗುವುದಿಲ್ಲ

ಒಂದೇ ಒಂದು ಕಳೆಯುವ ಲೆಕ್ಕದಿಂದ ಶುರು ಮಾಡುತ್ತೇನೆ. 2011ರಲ್ಲಿ ಇಡೀ ರಾಜ್ಯಕ್ಕೂ ಯಾದಗಿರಿಗೂ ಸಾಕ್ಷರತೆಯಲ್ಲಿ ಇದ್ದ ಅಂತರ ಸುಮಾರು 23 ಅಂಶ. ಅದೇ ವರ್ಷ ಯಾದಗಿರಿಯ ಒಳಗೇ ಗಂಡಸರ ಸಾಕ್ಷರತೆ ಶೇ 62, ಹೆಂಗಸರದು ಶೇ 41. ಅಂತರ 21 ಅಂಶ. ಅಂದರೆ ಬೆಂಗಳೂರು, ಮಂಗಳೂರು ಎಲ್ಲ ಸೇರಿದ ಕರ್ನಾಟಕಕ್ಕೂ ಈ ಜಿಲ್ಲೆಗೂ ಎಷ್ಟು ದೂರವೋ, ಹೆಚ್ಚುಕಡಿಮೆ ಅಷ್ಟೇ ದೂರ ಒಂದೇ ಸೂರಿನ ಕೆಳಗೆ ಅಣ್ಣನಿಗೂ ತಂಗಿಗೂ ಇತ್ತು. ಇಬ್ಬರದೂ ಅದೇ ತಾಲ್ಲೂಕು, ಅದೇ ರಸ್ತೆ, ಅದೇ ಶಾಲೆ, ನಿಜಾಮರ ಕಾಲದ ಅದೇ ಬಾಕಿ. ಸೀಮೆಯ ವಾದ ಈ 21ನ್ನು ಹೇಗೆ ವಿವರಿಸುತ್ತದೆ? ತಂಗಿ ಶಾಲೆಗೆ ಹೋಗಲಿಲ್ಲ, ಏಕೆಂದರೆ ತಮ್ಮನನ್ನು ಎತ್ತಿಕೊಳ್ಳಲು, ಹತ್ತಿ ಬಿಡಿಸಲು, ಹದಿನೈದು ತುಂಬುತ್ತಲೇ ಮದುವೆಯಾಗಲು ಅವಳು ಬೇಕಾಗಿದ್ದಳು. ಆ ಮನೆಯ ಮುಂದೆ ಸಿ.ಸಿ. ರಸ್ತೆ ಹಾಕಿಸಿ, ತಾಲ್ಲೂಕಿನ ಸೂಚ್ಯಂಕ ಮೇಲೇರುತ್ತದೆ. ಅವಳ ಸಹಿ ಹೆಬ್ಬೆಟ್ಟಾಗಿಯೇ ಉಳಿಯುತ್ತದೆ.

ನನಗೆ ಪ್ರದೇಶದ ಅನುದಾನದ ಮೇಲೆ ಇರುವ ತಕರಾರು ಇದು: ಅದು ಸರಾಸರಿಯನ್ನು ನೋಡಿ ಬರುತ್ತದೆ, ಬಂದ ಮೇಲೆ ಸರಾಸರಿ ಮನುಷ್ಯನನ್ನು ಹುಡುಕುತ್ತದೆ. ಅಂಥವನು ಯಾರೂ ಸಿಗುವುದಿಲ್ಲ. ಸಿಗುವುದು ಕಾಲುವೆ ಮೇಲೆ ಇಪ್ಪತ್ತು ಎಕರೆ ಇರುವವನು ಮತ್ತು ಅವನ ಹೊಲದಲ್ಲಿ ಕಳೆ ತೆಗೆಯುವವಳು. ಹಣಕ್ಕೆ ಇಬ್ಬರಲ್ಲಿ ಯಾರ ಮನೆಯ ದಾರಿ ಮೊದಲು ಗೊತ್ತು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಪರವಾದಿಗಳು ಕಾಲುವೆಯನ್ನು ತಮ್ಮ ಸಾಕ್ಷಿಯಾಗಿ ಕರೆದಿದ್ದಾರೆ. ಅದನ್ನೇ ಪಾಟೀಸವಾಲು ಮಾಡೋಣ. ನೀರು ಪಹಣಿಯನ್ನು ಹುಡುಕಿಕೊಂಡು ಹೋಗುತ್ತದೆ. ಪಹಣಿ ಇಲ್ಲದವನಿಗೆ ಅದು ಕೂಲಿಯಾಗಿ ಮಾತ್ರ ತಲುಪುತ್ತದೆ, ಅದೂ ನಾಟಿಯ ಕೆಲವು ವಾರ; ಕೊಯ್ಲಿಗೆ ಈಗ ಯಂತ್ರ ಬರುತ್ತದೆ. ಪಹಣಿ ಇದ್ದವರಲ್ಲೂ ಕಾಲುವೆಯ ತಲೆಯ ಕಡೆ ಇರುವವನು ನಿಷೇಧವಿದ್ದರೂ ಭತ್ತ ಹಚ್ಚುತ್ತಾನೆ, ಕೊನೆ ಭಾಗದವನು ವಾರಾಬಂದಿಯ (ಸರದಿಯಂತೆ ನೀರು ಬಿಡುವ) ದಿನ ಎಣಿಸುತ್ತ ಒಣಗಿದ ತೂಬಿನ ಮುಂದೆ ಕೂರುತ್ತಾನೆ. ಸಣ್ಣ ಹಿಡುವಳಿದಾರ ಗೊಬ್ಬರ, ಔಷಧಿಯ ಸಾಲಕ್ಕೆ ಹೆದರಿ ತನ್ನ ಎರಡು ಎಕರೆಯನ್ನು ಲಾವಣಿಗೆ (ಗುತ್ತಿಗೆಗೆ) ಕೊಟ್ಟು, ಅದೇ ಹೊಲದ ಬದುವಿನ ಮೇಲೆ ನಿಂತು ಮುಂಗಡ ಎಣಿಸಿಕೊಂಡು ಬೆಂಗಳೂರಿನ ಗಾಡಿ ಹತ್ತುತ್ತಾನೆ. ತಾಲ್ಲೂಕಿನ ನೀರಾವರಿ ಪ್ರದೇಶ ಎಂಬ ಕಾಲಂನಲ್ಲಿ ಅವನ ಎರಡು ಎಕರೆಯೂ ಸೇರಿ ಒಟ್ಟು ಚೆನ್ನಾಗಿಯೇ ಕಾಣುತ್ತದೆ.

2023ರ ಜನವರಿ 19 ನೆನಪಿರಬಹುದು. ಅಂದು ಪ್ರಧಾನಿ ಈ ಭಾಗಕ್ಕೆ ಬಂದು ಎರಡು ಕಾರ್ಯಕ್ರಮ ಮಾಡಿದರು. ಹುಣಸಗಿ ತಾಲ್ಲೂಕಿನ ಕೊಡೇಕಲ್‌ನಲ್ಲಿ ಎಡದಂಡೆ ಕಾಲುವೆಯ ಆಧುನೀಕರಣ ಉದ್ಘಾಟಿಸಿದರು. ಸುಮಾರು 4,700 ಕೋಟಿ ರೂಪಾಯಿಯ ಕಾಮಗಾರಿ. ಅದೇ ದಿನ ಪಕ್ಕದ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಲಂಬಾಣಿ ತಾಂಡಾಗಳ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಸಮಾರಂಭ. ಒಂದು ನೆಲಕ್ಕೆ, ಇನ್ನೊಂದು ಮನೆಗೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ದಾಖಲೆಯಿಲ್ಲದ ಸುಮಾರು 1,475 ಜನವಸತಿಗಳು ಅಲ್ಲಿಯವರೆಗೆ ಕಂದಾಯ ಗ್ರಾಮಗಳೇ ಆಗಿರಲಿಲ್ಲ. ಈ ಸಂಖ್ಯೆಯ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಜನ ಇದ್ದಾರೆ, ಮನೆಗಳಿವೆ, ಸೇವಾಲಾಲರ ಗುಡಿ ಇದೆ, ಮತದಾರರ ಪಟ್ಟಿಯಲ್ಲಿ ಹೆಸರೂ ಇದೆ. ಊರು ಮಾತ್ರ ಇಲ್ಲ. ಕುಳಿತ ಜಾಗಕ್ಕೆ ಕಾಗದವಿಲ್ಲದ್ದರಿಂದ ಬ್ಯಾಂಕಿನಲ್ಲಿ ಅಡವಿಡಲು ಏನೂ ಇಲ್ಲ. ಮನೆ ಬಿದ್ದರೆ ಪರಿಹಾರ ಕೇಳಲು ತಲೆಮಾರಿನಿಂದ ಅಲ್ಲೇ ಇದ್ದೇವೆ ಎಂಬ ಬಾಯಿಮಾತು ಬಿಟ್ಟರೆ ಆಧಾರವಿಲ್ಲ. ಸೀಮೆಯನ್ನು 35 ಸೂಚಕಗಳಿಂದ ಅಳೆದು ಇಪ್ಪತ್ತು ವರ್ಷವಾದ ಮೇಲೂ ಈ ಕೇರಿಗಳು ಕಂದಾಯ ದಾಖಲೆಯ ಹೊರಗಿದ್ದವು. ಕಾಲುವೆ ಎಷ್ಟೇ ಉದ್ದವಾಗಿದ್ದರೂ ಅವರಿಗೆ ಹಕ್ಕುಪತ್ರ ತಂದುಕೊಡುತ್ತಿರಲಿಲ್ಲ. ಅದಕ್ಕೆ ಕಂದಾಯ ಇಲಾಖೆಯವರು ಮನೆ ಮನೆಗೆ ಹೋಗಿ ಹೆಸರು ಬರೆಯಬೇಕಾಯಿತು. ಪಟ್ಟಿಯನ್ನು ಅಷ್ಟು ಹಗುರವಾಗಿ ಕಾಣುವವರು ಇದನ್ನು ಗಮನಿಸಲಿ.

ಯಾದಗಿರಿಯ ಜನಸಂಖ್ಯೆಯಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಜಾತಿ, ಪಂಗಡದವರು. ರಾಜ್ಯದಲ್ಲಿ ಈ ಪಾಲು ನಾಲ್ಕರಲ್ಲೊಂದು. ಇವರಲ್ಲೂ ಎಲ್ಲರ ಸ್ಥಿತಿ ಒಂದೇ ಅಲ್ಲ. ಸುರಪುರವನ್ನು ಆಳಿದ ಬೇಡ ನಾಯಕರ ಸಮುದಾಯಕ್ಕೆ ಭೂಮಿಯೂ ಇದೆ, ರಾಜಕೀಯ ದನಿಯೂ ಇದೆ. ಮಾದಿಗರ ಓಣಿಗೆ ಎರಡೂ ಕಡಿಮೆ. ಈ ವ್ಯತ್ಯಾಸ ಎತ್ತಿದರೆ ಜಾತಿ ಜಗಳ ಬರುತ್ತದೆ ಎಂದು ಪರವಾದಿಗಳು ಹೆದರಿಸುತ್ತಾರೆ. ಜಗಳ ಇಲ್ಲವೆಂದು ಯಾರು ಹೇಳಿದರು? ಒಂದೇ ಊರಿನಲ್ಲಿ ನೀರಿನ ಟ್ಯಾಂಕ್ ಎಲ್ಲಿ ಕಟ್ಟಬೇಕು, ಅಂಗನವಾಡಿ ಯಾವ ಓಣಿಯಲ್ಲಿ ಇರಬೇಕು ಎಂಬುದು ಯಾವಾಗಲೂ ಜಾತಿಯ ತೀರ್ಮಾನವೇ ಆಗಿತ್ತು. ಅಂಗನವಾಡಿ ಮೇಲಿನ ಓಣಿಯಲ್ಲಿದ್ದರೆ ಕೆಳಗಿನ ಓಣಿಯ ಮಗು ಅದರ ಹೊಸ್ತಿಲು ದಾಟುತ್ತದೆಯೇ? ಸೇತುವೆಯ ಮೇಲೆ ಎಲ್ಲರೂ ನಡೆಯುತ್ತಾರೆ, ನಿಜ. ಹೊಟೇಲಿನಲ್ಲಿ, ಕ್ಷೌರದಂಗಡಿಯಲ್ಲಿ, ಗುಡಿಯ ಕಟ್ಟೆಯಲ್ಲಿ ಆ ಸಮಾನತೆ ಎಲ್ಲಿ ಇಳಿದುಹೋಗುತ್ತದೆ ಎಂದು ಅದೇ ಊರಿನ ಹುಡುಗರನ್ನು ಕೇಳಿ.

371(ಜೆ) ಬಗ್ಗೆ ನನಗೆ ಗೌರವವಿದೆ. ಆದರೆ ಅದರ ಬಾಗಿಲು ಎಷ್ಟು ಎತ್ತರದಲ್ಲಿದೆ ನೋಡಿ. ಪರವಾದಿಗಳೇ ಕೊಟ್ಟ ಅಂಕಿ: ನೂರು ಮಕ್ಕಳಲ್ಲಿ ಹತ್ತಿರ ಹತ್ತಿರ 50 ಮಂದಿ ಎಸ್ಸೆಸ್ಸೆಲ್ಸಿಯಲ್ಲೇ ನಿಂತರು. ವೈದ್ಯಕೀಯ ಸೀಟಿನ ಶೇ 70ಕ್ಕೂ, ಎಂಜಿನಿಯರ್ ಹುದ್ದೆಯ ಶೇ 75ಕ್ಕೂ ಅವರಿಗೂ ಏನು ಸಂಬಂಧ? ಪರೀಕ್ಷೆಗೆ ಕೂರುವ ಮೊದಲೇ ಶಾಲೆ ಬಿಟ್ಟವರು ಈ ಲೆಕ್ಕದಲ್ಲೂ ಇಲ್ಲ. ಸ್ಥಳೀಯರು ಎನ್ನಲು ಇಲ್ಲಿ ಹುಟ್ಟಿರಬೇಕು ಅಥವಾ ಹತ್ತು ವರ್ಷ ನೆಲೆಸಿರಬೇಕು. ಆ ಅರ್ಹತೆ ಕಲಬುರಗಿ ನಗರದ ವೈದ್ಯ ದಂಪತಿಯ ಮಗನಿಗೂ ಇದೆ, ವಡಗೇರಾದ ಕೂಲಿಯ ಮಗಳಿಗೂ ಇದೆ. ಸೀಟಿಗೆ ಅರ್ಜಿ ಹಾಕುವ ದಿನ ಬಂದಾಗ ಇಬ್ಬರಲ್ಲಿ ಒಬ್ಬರು ಕೋಚಿಂಗ್ ಮುಗಿಸಿ ಬಂದಿರುತ್ತಾರೆ, ಇನ್ನೊಬ್ಬರು ಶಾಲೆ ಬಿಟ್ಟು ಮೂರು ವರ್ಷವಾಗಿರುತ್ತದೆ.

ಕೈಗಾರಿಕೆ ಬಂದರೆ ಸರಿಹೋಗುತ್ತದೆ ಎಂಬುದು ಇನ್ನೊಂದು ನಂಬಿಕೆ. ಯಾದಗಿರಿ ಸಮೀಪದ ಕಡೇಚೂರು-ಬಾಡಿಯಾಳದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಎಕರೆ ಭೂಮಿಯನ್ನು ಕೈಗಾರಿಕಾ ಪ್ರದೇಶಕ್ಕೆಂದು ತೆಗೆದುಕೊಂಡರು. ರೈಲ್ವೆಯ ಬೋಗಿ ಕಾರ್ಖಾನೆ ಬಂತು, ರಾಸಾಯನಿಕ ಮತ್ತು ಔಷಧ ಘಟಕಗಳು ಬಂದವು. ಜಮೀನಿಗೆ ಪರಿಹಾರ ಸಿಕ್ಕಿದ್ದು ಜಮೀನು ಇದ್ದವರಿಗೆ. ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೂಲಿ ಹೋಯಿತು, ಪರಿಹಾರದ ಪಟ್ಟಿಯಲ್ಲಿ ಅವರಿಗೆ ಸಾಲೇ ಇರಲಿಲ್ಲ. ಗಾಳಿಯ ವಾಸನೆ, ಹಳ್ಳದ ನೀರಿನ ಬಣ್ಣದ ಬಗ್ಗೆ ಸುತ್ತಲಿನ ಊರಿನವರ ದೂರು ನಿಂತಿಲ್ಲ. ಜಿಲ್ಲೆಯ ಕೈಗಾರಿಕಾ ಸೂಚಕ ಮಾತ್ರ ಏರಿದೆ.

ಗುಳೆ ಹೋಗುವವರ ಗಂಟಿನ ವರ್ಣನೆ ಪರವಾದಿಗಳು ಚೆನ್ನಾಗಿ ಮಾಡಿದ್ದಾರೆ. ಆ ಪ್ಲಾಟ್‌ಫಾರಂ ಮೇಲೆ ಯಾರಿಲ್ಲ ಎಂಬುದನ್ನೂ ಹೇಳಬಹುದಿತ್ತು. ಸೀಮೆ ಪೂರ್ತಿ ಬಡವಾಗಿದ್ದರೆ ಸೀಮೆಯ ಎಲ್ಲ ಬಗೆಯ ಜನ ಅಲ್ಲಿರಬೇಕಿತ್ತಲ್ಲವೇ? ಅಲ್ಲಿರುವವರು ಬಹುತೇಕ ಭೂಮಿಯಿಲ್ಲದವರು, ತಾಂಡಾದವರು, ಕೆಳ ಓಣಿಯವರು. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದು. ಹೊರಟವರ ಬೆನ್ನಿಗೆ ತಾಲ್ಲೂಕು ಹೋಗುವುದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಸಿಕ್ಕಿಬಿದ್ದವರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಯವರು ತುಂಬಾ ಇದ್ದರು. ತಮ್ಮ ತಾಲ್ಲೂಕು 'ಅತ್ಯಂತ ಹಿಂದುಳಿದ' ವರ್ಗದಲ್ಲಿದೆ ಎಂಬುದರಿಂದ ಅವರಿಗೆ ಒಂದು ಹೊತ್ತಿನ ಊಟ ಸಿಗಲಿಲ್ಲ. ಎಲ್ಲಿದ್ದರೂ ಅಕ್ಕಿ ಕೊಡುವ ಪಡಿತರ ಚೀಟಿ, ತಾಯಿ ಎಲ್ಲೇ ಕೂಲಿ ಮಾಡುತ್ತಿದ್ದರೂ ಖಾತೆಗೆ ಬೀಳುವ ಎರಡು ಸಾವಿರ, ತಂದೆತಾಯಿ ಗುಳೆ ಹೋದಾಗ ಮಗು ಊರಲ್ಲೇ ಉಳಿದು ಓದಲು ಹಂಗಾಮಿ ವಸತಿ ನಿಲಯ: ಇವು ಮನುಷ್ಯರ ಜೊತೆ ನಡೆಯುವ ನೆರವು. ಮೂರನೆಯದು ಎಲ್ಲ ಪಂಚಾಯಿತಿಗಳಲ್ಲೂ ಇದ್ದಿದ್ದರೆ ಅಂದು ಪ್ಲಾಟ್‌ಫಾರಂ ಮೇಲಿದ್ದ ಆ ಮಗುವಿನ ಕಂಕುಳಲ್ಲಿ ಇನ್ನೊಂದು ಮಗು ಇರುತ್ತಿರಲಿಲ್ಲ. ಅದಕ್ಕೆ ಬೇಕಾಗುವ ಹಣ ಕಾಲುವೆಯ ಹಣದ ಮುಂದೆ ಚಿಲ್ಲರೆ.

ಪಟ್ಟಿಗಳಲ್ಲಿ ಮೋಸ ಇದೆ, ಒಪ್ಪುತ್ತೇನೆ. ಆದರೆ 7(ಡಿ)ಯ ಕಥೆಯನ್ನು ಅವರು ಅರ್ಧಕ್ಕೇ ನಿಲ್ಲಿಸಿದರು. ಪರಿಶಿಷ್ಟರ ಹಣ ಎಷ್ಟು, ಎಲ್ಲಿಗೆ ಹೋಯಿತು ಎಂದು ಕೇಳಲು ಒಂದು ಕಾನೂನು ಇದ್ದದ್ದರಿಂದಲೇ ಆ ಕಿಂಡಿ ಸಿಕ್ಕಿತು, ಅದರ ವಿರುದ್ಧ ದಲಿತ ಸಂಘಟನೆಗಳು ವರ್ಷಗಟ್ಟಲೆ ಕೂಗಿದವು, ಕೊನೆಗೆ ಮುಚ್ಚಿತು. ಗ್ಯಾರಂಟಿಗೆ ಹಣ ಹೋಯಿತು ಎಂಬ ಇಂದಿನ ಗಲಾಟೆಯೂ ಲೆಕ್ಕ ಇರುವುದರಿಂದಲೇ ನಡೆಯುತ್ತಿದೆ. ಪ್ರದೇಶದ ಹಣದ ಬಗ್ಗೆ ಅಂಥ ಗಲಾಟೆ ಕೇಳಿದ್ದೀರಾ? 2023-24ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಎಷ್ಟು ಬಿಡುಗಡೆ, ಎಷ್ಟು ಖರ್ಚು ಎಂಬುದರ ಮೇಲೆ ಸದನದಲ್ಲಿ ಮಾತಾಗುತ್ತದೆ. ಖರ್ಚಾದದ್ದು ಯಾರ ಓಣಿಯಲ್ಲಿ ಎಂಬ ಪ್ರಶ್ನೆ ಏಳುವುದೇ ಇಲ್ಲ, ಏಕೆಂದರೆ ಅದನ್ನು ಬರೆದಿಡುವ ಪುಸ್ತಕವೇ ಇಲ್ಲ. ಕಮಾನು ಕಟ್ಟಿದವರನ್ನು ಹಿಡಿಯಿರಿ ಎನ್ನುವುದು ಸುಲಭ; ಕಮಾನು ಯೋಜನೆಯ ನಿಯಮದೊಳಗೇ ಕಟ್ಟಲ್ಪಟ್ಟಿದೆ.

ವೈದ್ಯಕೀಯ ಕಾಲೇಜು ಬೇಡ, ಬಸ್ಸು ಬೇಡ ಎಂದು ನಾನು ವಾದಿಸುತ್ತಿಲ್ಲ. ಉಳಿದ ಜಿಲ್ಲೆಗಳಿಗೆ ಅವು ವಿಶೇಷ ಅನುದಾನದ ಹೆಸರಿಲ್ಲದೆ, ಮಾಮೂಲಿ ಬಜೆಟ್ಟಿನಲ್ಲಿ ಬಂದವು. ಯಾದಗಿರಿಗೂ ಹಾಗೆಯೇ ಬರಬೇಕು. ಸಾಮಾನ್ಯ ಇಲಾಖೆಗಳು ಮಾಡಬೇಕಾದ ರಸ್ತೆ, ಕೊಠಡಿಗಳನ್ನು ಮಂಡಳಿಯ ತಲೆಗೆ ಕಟ್ಟಿ, ಇಲಾಖೆಯ ಹಣವನ್ನು ಬೇರೆ ಕಡೆ ತಿರುಗಿಸಿಕೊಳ್ಳುವುದಕ್ಕೆ 'ವಿಶೇಷ' ಎಂಬ ಹಣೆಪಟ್ಟಿ ಅನುಕೂಲ ಮಾಡಿಕೊಟ್ಟಿದೆ ಎಂಬ ಅನುಮಾನ ನನಗೊಬ್ಬಳಿಗೇ ಅಲ್ಲ. ವಿಶೇಷ ಹಣ ಎಂದರೆ ಮಾಮೂಲಿ ಹಣ ತಲುಪಲಾರದ ಮನೆಗಳಿಗೆ ಹೋಗುವ ಹಣವಾಗಬೇಕು.

ನಂಜುಂಡಪ್ಪ ವರದಿಯ ನಂತರ ಏನು ಬದಲಾಯಿತೆಂದು ನೋಡಲು ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಇನ್ನೊಂದು ಸಮಿತಿ ಮಾಡಿತು. ಹೊಸ ಪಟ್ಟಿಯಲ್ಲಿ ಯಾವ ತಾಲ್ಲೂಕು ಮೇಲೆ ಬಂತು, ಯಾವುದು ಕೆಳಗಿಳಿಯಿತು ಎಂಬುದರ ಸುತ್ತಲೇ ಚರ್ಚೆ ತಿರುಗಿದರೆ ಮತ್ತೆ ಇಪ್ಪತ್ತು ವರ್ಷ ಕೈಬಿಟ್ಟುಹೋಗುತ್ತದೆ. ನನ್ನ ಬೇಡಿಕೆ ಅಷ್ಟು ದೊಡ್ಡದಲ್ಲ. ಮಂಡಳಿಯ ಕ್ರಿಯಾ ಯೋಜನೆಯಲ್ಲಿ ಕಾಮಗಾರಿಯ ಹೆಸರು, ಊರು, ಅಂದಾಜು ಮೊತ್ತ ಎಂಬ ಕಾಲಂಗಳ ಪಕ್ಕದಲ್ಲಿ ಇನ್ನೆರಡು ಕಾಲಂ ಹಾಕಲಿ: ಇದರಿಂದ ಎಷ್ಟು ಭೂರಹಿತ ಮನೆಗಳಿಗೆ, ಎಷ್ಟು ಹೆಣ್ಣುಮಕ್ಕಳಿಗೆ ಪ್ರಯೋಜನ. ಗ್ರಾಮ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಲಿ. ಆ ಎರಡು ಕಾಲಂ ಖಾಲಿ ಬಿಟ್ಟ ಕಾಮಗಾರಿ ಮುಂದಿನ ವರ್ಷಕ್ಕೆ ಕಾಯಲಿ.